ಅಗರು

ನಮ್ಮ ನಾಡಿನ ಮನೆಮನೆಗಳಲ್ಲಿಯೂ ಬೆಳಗ್ಗೆ ಸಂಜೆ ಒಂದು ಮರದ ಹೆಸರು ಉಚ್ಚರಿಸಲ್ಪಡುತ್ತಿರುವುದು. ಆದರೆ ಆ ಮರವನ್ನು ಕಂಡವರಾಗಲಿ, ಅದರ ನಿಜವಾದ ಪರಿಮಳವನ್ನು ಆಘ್ರಾಣಿಸಿದವರಾಗಲಿ ನಮ್ಮಲ್ಲಿ ಬಹು ವಿರಳ. “ದೀಪ ಹಚ್ಚಿ ಎರಡು ಅಗರಬತ್ತಿ ಸಿಕ್ಕಿಸಮ್ಮ” ಎಂದು ಅತ್ತೆಯವರು ಸೊಸೆಗೆ ಹೇಳುತ್ತಾರೆ. “ಊದಿನಕಡ್ಡಿ ಮುಗಿದಿದೆ, ಬರುವಾಗ ತನ್ನಿ” ಎಂದು ಗೃಹಿಣಿಯು ಯಜಮಾನನಿಗೆ ಜ್ಞಾಪಿಸುತ್ತಾಳೆ. ಅಗರು ಎಂಬುದು ಸಂಸ್ಕೃತ ಶಬ್ದವಾದ ಅಗುರುವಿನ ರೂಪಾಂತರ. ಊದು ಎಂಬುದು ಅರಬ್ಬೀ ಭಾಷೆಯಿಂದ ಹಿಂದೂಸ್ತಾನಿಯ ಮೂಲಕ ನಮ್ಮಲ್ಲಿಗೆ ಬಂದು ನೆಲಸಿದ ಶಬ್ದ. ಕೆಲವರು ಇದನ್ನು ನಮ್ಮ “ಊದು” ಎಂಬ ಕ್ರಿಯಾಪದವೆಂದೇ ಭಾವಿಸಿ, ಕಡ್ಡಿಯ ಉರಿಯನ್ನು ಊದಿ ಆರಿಸುವುದರಿಂದ ಈ ಹೆಸರು ಬಂದಿತೆಂದು ಅರ್ಥ ಕಟ್ಟುವುದುಂಟು. ವಾಸ್ತವವಾಗಿ ಎರಡು ಹೆಸರುಗಳೂ ಒಂದೇ ಸುಗಂಧ ಕಾಷ್ಠವನ್ನು ಹೇಳುತ್ತವೆ.

ಹೆಸರು ಉಳಿಯಿತು, ವಸ್ತು ಜಾರಿತು. ಇಂದಿನ ಕಡ್ಡಿಯಲ್ಲಿರುವುದು ಬಿದಿರಿನ ಸೀಳು, ಇದ್ದಿಲ ಪುಡಿ, ಅಂಟಿಗಾಗಿ ಬೆರೆಸಿದ ತೊಗಟೆಯ ಜಿಗಟು, ಒಳ್ಳೆಯ ಕಡ್ಡಿಯಾದರೆ ಸ್ವಲ್ಪ ಹಾಲುಮಡ್ಡಿ, ಮೇಲೆ ಯಾವುದಾದರೊಂದು ಸುಗಂಧ ತೈಲ. ಅಗರು ಮಾತ್ರ ಬಹುಮಟ್ಟಿಗೆ ಇರುವುದಿಲ್ಲ. ಇದನ್ನು ದೂಷಣೆಗಾಗಿ ಹೇಳುತ್ತಿಲ್ಲ. ಮೈಸೂರು ಬೆಂಗಳೂರುಗಳಲ್ಲಿ ಈ ಕಡ್ಡಿಗಳನ್ನು ಹೊಸೆದು ಎಷ್ಟೋ ಮಂದಿ ಹೆಣ್ಣುಮಕ್ಕಳು ಸಂಸಾರ ಸಾಗಿಸಿರುವರು. ಅದು ಗೌರವಾರ್ಹವಾದ ಕಸಬು. ಆದರೂ ದಿನಕ್ಕೆರಡಾವರ್ತಿ ಕರೆಯುವ ಹೆಸರಿನ ಹಿಂದೆ ಎಂತಹ ವಸ್ತುವಿದೆಯೆಂಬುದನ್ನು ತಿಳಿಯುವ ಕುತೂಹಲ ಗೃಹಸ್ಥರಿಗೆ ಸಹಜವಾಗಿಯೇ ಇರತಕ್ಕದ್ದು.

ನಾನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪಾಠ ಹೇಳಿದವನು. ನಮ್ಮ ಕಾವ್ಯಗಳಲ್ಲಿ ಚಳಿಗಾಲ ಬಂದಿತೆಂದರೆ ಅಗರು ಬಂದೇ ಬರುವುದು. ಕಾಳಿದಾಸನ ಋತುಸಂಹಾರದಲ್ಲಿ ಹೆಂಗಸರು ಗ್ರೀಷ್ಮದಲ್ಲಿ ಚಂದನವನ್ನು ಪೂಸಿಕೊಳ್ಳುತ್ತಾರೆ; ಶಿಶಿರದಲ್ಲಿ ಚಂದನ ಬೇಡವಾಗುತ್ತದೆ, ಕಾಲಾಗರುವಿನ ಧೂಪ ಬೇಕಾಗುತ್ತದೆ. ಚರಕಸಂಹಿತೆಯ ಋತುಚರ್ಯೆಯಲ್ಲಿಯೂ ಇದೇ ಕ್ರಮ: ಬೇಸಗೆಗೆ ಚಂದನದ ಲೇಪ, ಹೇಮಂತಕ್ಕೆ ಅಗರುವಿನ ದಪ್ಪ ಲೇಪ. ಚಂದನ ಶೀತ, ಅಗರು ಉಷ್ಣ ಎಂಬುದು ನಮ್ಮ ವೈದ್ಯರ ನಿರ್ಣಯ. ಚಂದನದ ವಿಷಯವಾಗಿ ಹುಡುಗರಿಗೆ ಏನನ್ನೂ ವಿವರಿಸಬೇಕಾಗಿರಲಿಲ್ಲ. ನಮ್ಮದು ಗಂಧದ ನಾಡು. ಅಗರುವಿನ ಪಾಠ ಬಂದಾಗಲಾದರೋ ಯಾವನಾದರೊಬ್ಬ ಚೂಟಿಯಾದ ಹುಡುಗನು ಎದ್ದುನಿಂತು, “ಸಾರ್, ಅದರ ವಾಸನೆ ಹೇಗಿರುತ್ತದೆ?” ಎಂದು ಕೇಳುವನು. “ಕೋಶದಲ್ಲಿ ಅರ್ಥವಿದೆ, ವಾಸನೆಯಿಲ್ಲ, ಸಿಕ್ಕಿದಾಗ ತೋರಿಸುತ್ತೇನಪ್ಪ” ಎಂದು ನಾನು ಮುಂದಿನ ಶ್ಲೋಕಕ್ಕೆ ಹೋಗುತ್ತಿದ್ದೆನು.

ಅದು ಸಿಕ್ಕಿದ್ದು ನಾನು ನಿವೃತ್ತನಾದ ಮೇಲೆ. ಹಾಗೆ ಪ್ರಶ್ನೆ ಕೇಳಿದವರಲ್ಲಿ ಒಬ್ಬನು ಈಗ ಅಸ್ಸಾಮಿನಲ್ಲಿ ಉದ್ಯೋಗದಲ್ಲಿರುವನು. ಕಳೆದ ಮಾರ್ಗಶಿರ ಮಾಸದಲ್ಲಿ ಊರಿಗೆ ಬಂದಾಗ ಅಡಕೆಯ ಗಾತ್ರದ ಒಂದು ಕಪ್ಪು ತುಂಡನ್ನು ಕಾಗದದಲ್ಲಿ ಮಡಿಸಿ ತಂದುಕೊಟ್ಟು, “ನೀವು ತೋರಿಸುತ್ತೇನೆಂದಿದ್ದಿರಿ ಸಾರ್, ನಾನೇ ತೋರಿಸುತ್ತಿದ್ದೇನೆ” ಎಂದನು. ಅಲ್ಲಿನ ಪರಿಚಯದವರೊಬ್ಬರ ಹಿತ್ತಿಲಿನಲ್ಲಿ ಬೆಳೆದ ಮರದ ತುಂಡಂತೆ. ಮೇಲಣ ಅಸ್ಸಾಮಿನ ಅನೇಕ ಮನೆಗಳ ಹಿತ್ತಿಲುಗಳಲ್ಲಿ, ನಮ್ಮಲ್ಲಿ ತೆಂಗು ಹಲಸುಗಳಿರುವಂತೆ, ಅಗರು ಮರಗಳಿರುವುವು. ಹೋಜಾಯಿ ಎಂಬ ಊರು ಇದರ ವ್ಯಾಪಾರಕ್ಕೆ ಹೆಸರಾದುದು.

ಆ ದೇಶಕ್ಕೂ ಈ ಮರಕ್ಕೂ ಇರುವ ಸಂಬಂಧ ಬಹಳ ಹಳೆಯದು. ರಘುವು ದಿಗ್ವಿಜಯಕ್ಕಾಗಿ ಲೌಹಿತ್ಯ ನದಿಯನ್ನು, ಎಂದರೆ ಬ್ರಹ್ಮಪುತ್ರೆಯನ್ನು ದಾಟಿದಾಗ ಅವನ ಆನೆಗಳನ್ನು ಕಾಲಾಗರು ಮರಗಳಿಗೆ ಕಟ್ಟಿದರೆಂದೂ, ಆ ಮರಗಳೊಡನೆ ಪ್ರಾಗ್ಜ್ಯೋತಿಷದ ಅರಸನೂ ನಡುಗಿದನೆಂದೂ ರಘುವಂಶದ ನಾಲ್ಕನೆಯ ಸರ್ಗದಲ್ಲಿ ಹೇಳಿದೆ. ಏಳನೆಯ ಶತಮಾನದಲ್ಲಿ ಕಾಮರೂಪದ ಭಾಸ್ಕರವರ್ಮನು ಹರ್ಷನಿಗೆ ಕಳುಹಿಸಿದ ಕಾಣಿಕೆಗಳನ್ನು ಬಾಣನು ವರ್ಣಿಸಿರುವನು. ಅವುಗಳಲ್ಲಿ ಕೃಷ್ಣಾಗರುವೂ ಇದೆ, ಅಗರುವಿನ ತೊಗಟೆಯ ಪತ್ರಗಳಲ್ಲಿ ಬರೆದ ಪುಸ್ತಕಗಳೂ ಇವೆ. ಆ ಮರವನ್ನು ಅಸ್ಸಾಮಿನವರು ಸಾಂಚಿ ಎಂದು ಕರೆಯುತ್ತಾರೆ. ನಮ್ಮ ಹಿರಿಯರು ಓಲೆಗರಿಯ ಮೇಲೆ ಬರೆದಂತೆ ಅವರ ಹಿರಿಯರು ಸಾಂಚಿಯ ತೊಗಟೆಯ ಮೇಲೆ ಬರೆದರು. ಒಂದೇ ಮರವು ಪರಿಮಳವನ್ನೂ ಕೊಟ್ಟಿತು, ಗ್ರಂಥಕ್ಕೆ ಪತ್ರವನ್ನೂ ಕೊಟ್ಟಿತು. ಈ ಎರಡನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದರಿಂದ ಪ್ರಯೋಜನವಿದೆ.

ಇನ್ನು ಪರಿಮಳದ ವಿಚಾರ. ಆ ತುಂಡನ್ನು ಹಾಗೆಯೇ ಮೂಗಿನ ಬಳಿ ಹಿಡಿದರೆ ಹೆಚ್ಚೇನೂ ತಿಳಿಯದು. ಕೆಂಡದ ಮೇಲೆ ನೇರವಾಗಿ ಹಾಕಿದರೆ ಸುಟ್ಟು ಹೊಗೆಯಾಗುವುದು. ತಂದುಕೊಟ್ಟವನೇ ಕ್ರಮವನ್ನೂ ಹೇಳಿದ್ದನು. ಕೆಂಡವನ್ನು ಬೂದಿಯಿಂದ ಮುಚ್ಚಿ, ಅದರ ಮೇಲೆ ಅಭ್ರಕದ ಒಂದು ಹಾಳೆಯನ್ನಿಟ್ಟು, ಅಗರುವಿನ ಒಂದು ಚಕ್ಕೆಯನ್ನು, ಬೆರಳುಗುರಿನ ಕಾಲುಭಾಗದಷ್ಟನ್ನು ಮಾತ್ರ ಇಟ್ಟು ಕಾಯಬೇಕು. ಉರಿಯಬಾರದು, ಬೆಚ್ಚಗಾಗಬೇಕು.

ಸ್ವಲ್ಪ ಹೊತ್ತು ಏನೂ ಇಲ್ಲ. ಅನಂತರ ಮೊದಲು ಬಂದುದು ಒಂದು ಕಹಿ. ಕಷಾಯಕ್ಕೆಂದು ಕುಟ್ಟಿದ ಬೇರುಗಳ ಕಹಿಯನ್ನು ಹೋಲುವುದು. “ಇದೇನೆ, ಮದ್ದಿನಂಗಡಿ?” ಎಂದು ನನ್ನ ಮನೆಯವಳು ನಕ್ಕಳು. ಆ ಕಹಿ ತಾನಾಗಿ ಹಿಂದೆ ಸರಿದು, ಅದರ ಒಳಗಿನಿಂದ ಹಳೆಯ ಬೆಲ್ಲದಂತೆ, ಜೇನುಮೇಣದಂತೆ ಒಂದು ಸಿಹಿ ಮೂಡಿತು. ಅದರ ಹಿಂದೆ ಬಹುಕಾಲದಿಂದ ಮುಚ್ಚಿದ್ದ ಮರದ ಪೆಟ್ಟಿಗೆಯನ್ನು ತೆರೆದಂತೆ ಒಂದು ಒಣ ಗಾಂಭೀರ್ಯ. ಮೂರೂ ಬೇರೆಬೇರೆಯಾಗಿಯೂ ತೋರುವುವು, ಒಂದಾಗಿಯೂ ತೋರುವುವು. ಸಾಂಬ್ರಾಣಿಯ ಹೊಗೆ ಕೋಣೆಯನ್ನೆಲ್ಲ ಒಂದೇ ಬಾರಿಗೆ ಆಕ್ರಮಿಸುವುದು. ಮಲ್ಲಿಗೆಯ ಕಂಪು ಬಾಗಿಲಿನಲ್ಲಿಯೇ ಎದುರುಗೊಳ್ಳುವುದು. ಇದು ಹಾಗಲ್ಲ. ನಾವು ಮಾತಿನಲ್ಲಿ ಮೈಮರೆತಿರುವಾಗ ಯಾವಾಗಲೋ ಬಂದು ಪಕ್ಕದಲ್ಲಿ ಕುಳಿತಿರುತ್ತದೆ.

ನಮ್ಮ ಅಕ್ಕನು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಿದ್ದು, “ಚಳಿಯ ದಿನ ಅಮ್ಮನ ಶಾಲಿನೊಳಗೆ ಸೇರಿಕೊಂಡ ಹಾಗಿದೆ ಕಣೋ” ಎಂದಳು. ನಾನು ಓದಿದ ವೈದ್ಯಗ್ರಂಥಗಳಲ್ಲಿ ಉಷ್ಣವೀರ್ಯವೆಂಬುದಕ್ಕೆ ಎಷ್ಟೋ ವ್ಯಾಖ್ಯಾನಗಳಿವೆ. ಇದಕ್ಕಿಂತ ಸ್ಪಷ್ಟವಾದುದನ್ನು ನಾನು ಕಂಡಿಲ್ಲ. ಮೂಗಿಗೆ ಶಾಖವನ್ನು ಅಳೆಯುವ ಶಕ್ತಿಯಿಲ್ಲ. ಆದರೂ ಕೆಲವು ಪರಿಮಳಗಳು ನಮ್ಮನ್ನು ಹೊದೆಸುತ್ತವೆ, ಕೆಲವು ಬೀಸಣಿಗೆಯಂತೆ ಬೀಸುತ್ತವೆ. ಮರುದಿನ ಬೆಳಗ್ಗೆ ಅಕ್ಕನ ಶಾಲನ್ನು ಮಡಿಸುವಾಗ ಆ ಪರಿಮಳ ಅದರಲ್ಲಿ ಇನ್ನೂ ಇದ್ದಿತು. ಅಗರುವಿನಲ್ಲಿರುವ ರಾಳದ ಅಂಶಗಳು ಭಾರವಾದುವು, ನಿಧಾನವಾಗಿ ಆವಿಯಾಗುವಂತಹವು; ಅವುಗಳಲ್ಲಿ ಕ್ರೋಮೋನ್ ಎಂಬ ಜಾತಿಯವು ಶಾಖ ತಗಲಿ ಒಡೆದಾಗ ಮಾತ್ರ ಸುಗಂಧವನ್ನು ಬಿಡುವುವು ಎಂದು ರಸಾಯನಶಾಸ್ತ್ರಜ್ಞರು ಕಂಡುಕೊಂಡಿರುವರು. ತಣ್ಣಗಿರುವಾಗಿನ ಮೌನಕ್ಕೂ, ಕಾಯ್ದ ಮೇಲಿನ ಮಾಧುರ್ಯಕ್ಕೂ, ದೀರ್ಘಕಾಲ ನಿಲ್ಲುವುದಕ್ಕೂ ಇದೇ ಕಾರಣ.

ಈ ಗುಣಗಳನ್ನು ಕೌಟಿಲ್ಯನು ಹಿಂದೆಯೇ ಪಟ್ಟಿಮಾಡಿಟ್ಟಿರುವನೆಂಬುದು ಆಶ್ಚರ್ಯಕರವಾದುದು. ಅವನ ಅರ್ಥಶಾಸ್ತ್ರವು ಬಹುಕಾಲ ಕಣ್ಮರೆಯಾಗಿದ್ದು, ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿದುಬಂದುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಅದರಲ್ಲಿ ಬೊಕ್ಕಸಕ್ಕೆ ತೆಗೆದುಕೊಳ್ಳಬೇಕಾದ ವಸ್ತುಗಳ ಪರೀಕ್ಷೆಯನ್ನು ಹೇಳುವಾಗ ಅಗರುವಿನ ಪ್ರಸ್ತಾಪವಿದೆ. ಒಳ್ಳೆಯ ಅಗರು ತೂಕವಾಗಿರಬೇಕು, ಜಿಡ್ಡಾಗಿರಬೇಕು, ಮನೋಹರವಾದ ಗಂಧವುಳ್ಳದ್ದಾಗಿ ದೂರಕ್ಕೆ ಹರಡಬೇಕು, ಬೆಂಕಿಯನ್ನು ತಾಳಬೇಕು, ದಟ್ಟವಾದ ಹೊಗೆಯನ್ನು ಎಬ್ಬಿಸಬಾರದು, ಉರಿಯುವಾಗ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾದ ಗಂಧವನ್ನು ಕೊಡಬೇಕು, ಉಜ್ಜಿದರೂ ಅಳಿಯಬಾರದು. ರಾಜನ ಬೊಕ್ಕಸಕ್ಕೆ ಬರೆದ ಈ ಲಕ್ಷಣಗಳನ್ನು ಓದುವಾಗ ಒಬ್ಬ ಸಜ್ಜನನ ಸ್ವಭಾವವನ್ನು ಓದಿದಂತೆ ನನಗೆ ತೋರುತ್ತದೆ.

ಇಂತಹ ಪರಿಮಳವು ಮರದಲ್ಲಿ ಹೇಗೆ ಹುಟ್ಟುವುದು? ಇಲ್ಲಿಯೇ ಇದರ ಕಥೆ ಚಂದನದ ಕಥೆಯಿಂದ ಬೇರೆಯಾಗುವುದು. ಚಂದನದ ಮರವು ವಯಸ್ಸಾದಂತೆ ತನ್ನ ತಿರುಳಿನಲ್ಲಿ ಗಂಧವನ್ನು ಸಹಜವಾಗಿಯೇ ಕೂಡಿಡುವುದು. ಅಗರು ಮರವಾದರೋ ಆರೋಗ್ಯವಾಗಿರುವಾಗ ನಿರ್ಗಂಧ. ಅದರ ಮರ ಬೆಳ್ಳಗೆ, ಹಗುರವಾಗಿ, ಮೆದುವಾಗಿರುವುದು. ಕೊರಕ ಹುಳುಗಳು ಕಾಂಡವನ್ನು ಕೊರೆದಾಗಲೋ, ಗಾಳಿಗೆ ಕೊಂಬೆ ಮುರಿದಾಗಲೋ ಆ ಗಾಯದ ಮೂಲಕ ಶಿಲೀಂಧ್ರಗಳು ಒಳಹೊಗುತ್ತವೆ. ಅವು ಮುಂದುವರಿಯದಂತೆ ತಡೆಯುವುದಕ್ಕಾಗಿ ಮರವು ಆ ಸ್ಥಳದಲ್ಲಿ ಒಂದು ರಾಳವನ್ನು ತುಂಬತೊಡಗುವುದು. ವರ್ಷಗಟ್ಟಲೆ ತುಂಬಿ ಆ ಭಾಗ ಕಪ್ಪಾಗಿ, ಗಟ್ಟಿಯಾಗಿ, ಉತ್ತಮವಾದುದಾದರೆ ನೀರಿನಲ್ಲಿ ಮುಳುಗುವಷ್ಟು ಭಾರವಾಗುವುದು. ಅದೇ ಅಗರು. ಅಗುರು ಎಂದರೆ ಭಾರವಲ್ಲದ್ದು ಎಂದು ಪದ ಬಿಡಿಸುವ ರೂಢಿಯುಂಟು. ಚೀನೀಯರಾದರೋ ಇದನ್ನು “ಮುಳುಗುವ ಪರಿಮಳ”ವೆಂದು ಕರೆದರು. ಬಿಳಿಯ ಮರವನ್ನು ಕಂಡರೆ ನಮ್ಮ ಹೆಸರು ಒಪ್ಪುವುದು, ಕಪ್ಪು ತಿರುಳನ್ನು ಕಂಡರೆ ಅವರದು. ಅಮರಕೋಶದಲ್ಲಿ ಅಗರುವಿಗೆ ರಾಜಾರ್ಹ, ಲೋಹ ಎಂಬ ಹೆಸರುಗಳ ಜೊತೆಗೆ ಕೃಮಿಜ ಎಂಬ ಹೆಸರೂ ಇದೆ. ಹುಳುವಿನಿಂದ ಹುಟ್ಟಿದುದು ಎಂದು ಅದರ ಅರ್ಥ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿಯೇ ನಮ್ಮವರು ಹುಳುವನ್ನು ಗಮನಿಸಿದ್ದರು.

ಈ ಸಂಗತಿಯನ್ನು ನಾನು ಮನೆಯಲ್ಲಿ ವಿವರಿಸುತ್ತಿದ್ದ ದಿನ ನಮ್ಮ ಬಂಧುಗಳೊಬ್ಬರು ಬಂದಿದ್ದರು. ಅವರು ಸಾಧುಸ್ವಭಾವದವರು, ನಮ್ಮ ಅಕ್ಕನಲ್ಲಿ ಬಹಳ ಗೌರವವುಳ್ಳವರು. ಅಕ್ಕನ ವಿಷಯವನ್ನು ವಾಚಕರಿಗೆ ಎರಡು ಮಾತಿನಲ್ಲಿ ಹೇಳಬೇಕು. ನನಗಿಂತ ಒಂಬತ್ತು ವರ್ಷಕ್ಕೆ ಹಿರಿಯಳು. ಅವಳಿಗೆ ಓದಿನಲ್ಲಿ ನನಗಿಂತ ಹೆಚ್ಚು ಬುದ್ಧಿ. ಲಗ್ನವಾದ್ದರಿಂದ ಕಾಲೇಜು ಅರ್ಧಕ್ಕೆ ನಿಂತಿತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಭಾವನವರು ತೀರಿಕೊಂಡರು. ಎರಡು ಎಳೆಯ ಮಕ್ಕಳು. ಒಂದು ಹೊಲಿಗೆ ಯಂತ್ರ. ಹಗಲು ಹೊಲಿದು, ರಾತ್ರಿ ಹಪ್ಪಳ ಸಂಡಿಗೆಗಳ ಕೆಲಸ ಮಾಡಿ, ಯಾರ ಮುಂದೆಯೂ ಕೈಚಾಚದೆ ಮಕ್ಕಳನ್ನು ದಡ ಮುಟ್ಟಿಸಿದಳು. ಕಟುವಾದ ಮಾತು ಅವಳ ಬಾಯಿಂದ ಬಂದುದನ್ನು ಕಂಡವರಿಲ್ಲ. ಈಗ ನಮ್ಮೊಡನೆಯೇ ಇರುವಳು.

ಬಂಧುಗಳು ಅಗರುವಿನ ಕಥೆಯನ್ನು ಕೇಳಿ ಪರವಶರಾಗಿ, “ನೋಡಿದಿರಾ! ನಮ್ಮ ಅಕ್ಕಯ್ಯನವರಿಗೆ ಇದಕ್ಕಿಂತ ಒಳ್ಳೆಯ ಉಪಮಾನ ಬೇಕೆ? ಆ ಕಷ್ಟ ಬಂದುದರಿಂದಲ್ಲವೆ ಇಷ್ಟು ದೊಡ್ಡ ಗುಣ ಬಂದದ್ದು? ಭಗವಂತ ಪೆಟ್ಟು ಕೊಡುವುದೇ ಪರಿಮಳ ತರಿಸುವುದಕ್ಕೆ” ಎಂದರು.

ಅಕ್ಕನು ಹೂ ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ. “ಹುಳು ಕೊರೆದ ಮರಗಳೆಲ್ಲ ಅಗರು ಆಗುತ್ತವೆಯೇನೋ?” ಎಂದು ನನ್ನನ್ನು ಕೇಳಿದಳು.

“ಇಲ್ಲ. ಎಷ್ಟೋ ಮರಗಳಲ್ಲಿ ಏನೂ ಕೂಡುವುದಿಲ್ಲ” ಎಂದೆನು.

“ಆ ಮರಗಳ ಲೆಕ್ಕವನ್ನು ಯಾರು ಬರೆದಿಟ್ಟಿದ್ದಾರೆ? ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವರು ನಮ್ಮ ಬೀದಿಯಲ್ಲಿಯೇ ಮೂವರಿದ್ದರು. ಒಬ್ಬಳು ಬಾವಿಗೆ ಬಿದ್ದಳು. ಪೆಟ್ಟು ಎಲ್ಲರಿಗೂ ಒಂದೇ.” ಹೂವಿಗೆ ಒಂದು ಗಂಟು ಹಾಕಿ ಮತ್ತೆ ಹೇಳಿದಳು: “ನನಗೆ ಆ ಪೆಟ್ಟು ಬೀಳದಿದ್ದರೆ ಬರಿಯ ಬಿಳೀ ಮರವಾಗಿಯೇ ಇರುತ್ತಿದ್ದೆನೋ ಏನೋ. ಇದ್ದರೆ ಇರುತ್ತಿದ್ದೆ. ಬಿಳೀ ಮರಕ್ಕೆ ಎಲೆಯಿಲ್ಲವೆ, ನೆರಳಿಲ್ಲವೆ? ಅದರ ತೊಗಟೆಯ ಮೇಲೆ ಪುಸ್ತಕ ಬರೆಯುತ್ತಿದ್ದರೆಂದು ನೀನೇ ಹೇಳಿದೆಯಲ್ಲ. ನನಗೆ ಅದೇ ಸಾಕಾಗಿತ್ತು.”

ಬಂಧುಗಳು ಸುಮ್ಮನಾದರು. ಅವರ ಅಭಿಪ್ರಾಯ ಸದಭಿಪ್ರಾಯವೇ ಆಗಿದ್ದಿತು. ಅಕ್ಕನೂ ಕೋಪದಿಂದ ಹೇಳಲಿಲ್ಲ, ಮರುಕ್ಷಣವೇ ಅವರಿಗೆ ಕಾಫಿ ತಂದುಕೊಟ್ಟಳು. ಆದರೆ ಆ ಮಾತು ಅಂದಿನಿಂದ ನನ್ನ ಮನಸ್ಸಿನಲ್ಲಿ ನಿಂತಿದೆ.

ತೇದಷ್ಟೂ ಗಂಧ, ಕಾಸಿದಷ್ಟೂ ಚಿನ್ನ, ಹಿಂಡಿದಷ್ಟೂ ಕಬ್ಬು ಎಂಬಂತಹ ದೃಷ್ಟಾಂತಗಳು ನಮ್ಮ ಸುಭಾಷಿತಗಳಲ್ಲಿ ಹೇರಳವಾಗಿವೆ. ಕಷ್ಟದಲ್ಲಿರುವವನು ತನ್ನ ಧೈರ್ಯಕ್ಕಾಗಿ ಅವುಗಳನ್ನು ನೆನೆದುಕೊಂಡರೆ ಅವು ಔಷಧ. ಕಷ್ಟ ಕೊಡುವವನು ತನ್ನ ಸಮಾಧಾನಕ್ಕಾಗಿ ಹೇಳಿಕೊಂಡರೆ ಅವೇ ವಿಷ. ಮಗ ಮೃದುವಾಗುತ್ತಾನೆಂದು ಬೆತ್ತ ಹಿಡಿಯುವ ತಂದೆ, ಸೊಸೆ ಗಟ್ಟಿಯಾಗಲೆಂದು ಮೊದಲ ವರ್ಷವೆಲ್ಲ ಕಣ್ಣೀರು ಹಾಕಿಸುವ ಅತ್ತೆ, ಹುಡುಗರು ಹದವಾಗಲೆಂದು ತರಗತಿಯ ಮುಂದೆ ಅವಮಾನಪಡಿಸುವ ಉಪಾಧ್ಯಾಯ, ಇವರೆಲ್ಲರೂ ತಮ್ಮನ್ನು ಗಂಧ ತೇಯುವವರೆಂದೇ ಭಾವಿಸಿಕೊಂಡಿರುವರು. ಅಗರುವಿನ ಕಥೆಯನ್ನು ಸರಿಯಾಗಿ ಓದಿದರೆ ಅವರ ಪಕ್ಷ ನಿಲ್ಲುವುದಿಲ್ಲ. ಹುಳುವು ತಂದುದು ಗಾಯ ಮಾತ್ರ, ಪರಿಮಳವನ್ನು ತರಲಿಲ್ಲ. ಪರಿಮಳವು ಮರವು ತನ್ನ ಸತ್ತ್ವವನ್ನೇ ಕರಗಿಸಿ, ಯಾರಿಗೂ ಕಾಣದಂತೆ, ವರ್ಷಾನುಗಟ್ಟಲೆ ದುಡಿದು ಮಾಡಿಕೊಂಡ ರಕ್ಷಣೆ. ಅದು ನಮ್ಮ ಮೂಗಿಗಾಗಿ ಹುಟ್ಟಿದುದೂ ಅಲ್ಲ. ಕೃಮಿಜವೆಂಬ ಹೆಸರು ಕೋಶದಲ್ಲಿ ಇರಲಿ. ಆದರೆ ಕೀರ್ತಿಯನ್ನು ಕೃಮಿಗೆ ಕೊಡತಕ್ಕದ್ದಲ್ಲ.

ಈ ತಿಳಿವಳಿಕೆ ತಪ್ಪಿದಾಗ ಆಗುವ ಅನರ್ಥಕ್ಕೆ ಆ ಮರವೇ ಸಾಕ್ಷಿ. ಯಾವ ಮರದೊಳಗೆ ಅಗರು ಇದೆಯೆಂಬುದು ಹೊರಗಿನಿಂದ ಸುಲಭವಾಗಿ ತಿಳಿಯುವಂತಿಲ್ಲ. ಆದುದರಿಂದ ಕಾಡಿನಲ್ಲಿ ಕದ್ದು ಕಡಿಯುವವರು ಇರುವುದನ್ನೂ ಇಲ್ಲದುದನ್ನೂ ಒಟ್ಟಿಗೆ ಉರುಳಿಸಿದರು. ಅಸ್ಸಾಮಿನ ಅಗರು ಜಾತಿಯನ್ನು ೧೯೯೫ರಿಂದಲೂ, ಆ ಕುಲದ ಎಲ್ಲ ಜಾತಿಗಳನ್ನು ೨೦೦೫ರಿಂದಲೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದದ ನಿಯಂತ್ರಣಕ್ಕೆ ಸೇರಿಸಲಾಗಿದೆ. ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಅಗತ್ಯ. ಕಾಡಿನಲ್ಲಿ ಆ ಜಾತಿಯು ನಶಿಸಿಹೋಗುವ ಅಪಾಯದಲ್ಲಿದೆ. ಈಗ ಬೆಳೆಗಾರರು ತೋಟಗಳಲ್ಲಿ ಮರಗಳನ್ನು ಬೆಳೆಸಿ, ಕಾಂಡಕ್ಕೆ ತೂತು ಕೊರೆದು ಶಿಲೀಂಧ್ರವನ್ನು ಹಾಯಿಸಿ, ಕೆಲವು ವರ್ಷ ಕಾದು ಅಗರು ತೆಗೆಯುವರು. ನಮ್ಮ ಮಲೆನಾಡಿನ ಕೆಲವು ತೋಟಗಳಲ್ಲಿಯೂ ಕಾಫಿ ಅಡಕೆಗಳ ನಡುವೆ ಈ ಮರವನ್ನು ನೆಟ್ಟಿರುವರು. ಕಾಡನ್ನು ಉಳಿಸುವುದಕ್ಕೆ ಅದೊಂದು ದಾರಿ. ಅಲ್ಲಿಯೂ ಕೊರೆದ ಮಾತ್ರಕ್ಕೆ ಉತ್ತಮ ಅಗರು ಬಂದೇ ಬರುವುದೆಂಬ ಭರವಸೆ ಇಲ್ಲವಾದ್ದರಿಂದ, ದೊಡ್ಡ ಲಾಭದ ಮಾತನ್ನು ಕೇಳಿ ಸಸಿಗಳಿಗೆ ಹಣ ಸುರಿಯುವ ಮೊದಲು ಗೃಹಸ್ಥರು ವಿಚಾರಿಸಿ ನೋಡುವುದು ಮೇಲು.

ಕೊಳ್ಳುವವರಿಗೂ ಒಂದು ಮಾತು. ಅಂಗಡಿಯಲ್ಲಿ ಅಗರು ಎಂದು ಅಗ್ಗವಾಗಿ ಸಿಕ್ಕುವುದು ಬಹುತೇಕ ಬಿಳಿಯ ಮರಕ್ಕೆ ಬಣ್ಣ ತೈಲಗಳನ್ನು ಹೀರಿಸಿದುದು. ತಣ್ಣಗಿರುವಾಗಲೇ ಘಮಘಮಿಸುವ ತುಂಡನ್ನು ಕಂಡರೆ ಸಂಶಯಪಡಬೇಕು. ನಿಜವಾದುದು ದೊರೆತರೆ ಧೂಪವಾಗಿ ಉರಿಸಿ ಮುಗಿಸದೆ, ಒಂದು ಚಕ್ಕೆಯನ್ನು ಬೂದಿ ಮುಚ್ಚಿದ ಕೆಂಡದ ಮೇಲಿಟ್ಟು ಮನೆಯವರೆಲ್ಲ ಸುತ್ತ ಕುಳಿತು ಅನುಭವಿಸತಕ್ಕದ್ದು. ಚಳಿಗಾಲದ ಸಂಜೆ ಅದಕ್ಕೆ ತಕ್ಕ ಕಾಲ. ದೊರೆಯದಿದ್ದರೆ ಚಿಂತೆಯಿಲ್ಲ, ದೇವರ ಮುಂದೆ ನಮ್ಮ ಊದಿನಕಡ್ಡಿಯೇ ಸಾಕು. ಹಚ್ಚುವಾಗ ಆ ಹೆಸರಿನ ಮರವನ್ನು ಒಮ್ಮೆ ನೆನೆದರೆ ಒಳ್ಳೆಯದು. ಗಾಯಗೊಂಡು ಪರಿಮಳವಾದುದನ್ನಷ್ಟೇ ಅಲ್ಲ, ಪರಿಮಳವಾಗದೆ ಉರುಳಿಹೋದುವನ್ನೂ, ಗಾಯವೇ ಇಲ್ಲದೆ ಯಾರದೋ ಹಿತ್ತಿಲಿನಲ್ಲಿ ಎಲೆ ತಳೆದು ನಿಂತಿರುವುವನ್ನೂ. ನಮ್ಮ ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಆ ಕೊನೆಯ ಜಾತಿಗೆ ಸೇರಲೆಂದು ಹಾರೈಸುವುದರಲ್ಲಿ ತಪ್ಪೇನೂ ಕಾಣೆನು.